100 ವ್ಯಾಟ್ ಬೋರ್ಡ್ ಲೈಟ್: ಮನೆಯೊಳಗಿನ ಮೆಣಸಿನಕಾಯಿ, ಟೊಮೆಟೊಗೆ ಸಾಕೇ?

ಸಾಕು. ಆದರೆ 60 ಸೆಂ.ಮೀ. ಉದ್ದ, ಅಷ್ಟೇ ಅಗಲದ ಜಾಗಕ್ಕೆ ಮಾತ್ರ. ಬೋರ್ಡ್ ಲೈಟ್ ಎಂದರೆ ಚಪ್ಪಟೆ ಅಲ್ಯೂಮಿನಿಯಂ ತಗಡಿನ ಮೇಲೆ ಸಾಲು ಸಾಲು ಬಿಳಿ ಎಲ್‌ಇಡಿ, ನಡುವೆ ಒಂದಷ್ಟು 660 ನ್ಯಾನೊಮೀಟರಿನ ಕಡುಗೆಂಪು, ಫ್ಯಾನ್ ಇಲ್ಲ, ದೀಪಕ್ಕೆ ಕರೆಂಟ್ ಹೊಂದಿಸಿಕೊಡುವ ಡ್ರೈವರಿನಲ್ಲಿ ಬೆಳಕು ಏರಿಳಿಸುವ ಡಿಮ್ಮರ್ ಇದೆ. ಕೋಣೆಯೊಳಗೆ ಗಿಡ ಬೆಳೆಸುವವರು ಹೊಸಬರಿಗೆ ಈ ಬಗೆಯ ದೀಪವನ್ನೇ ಹೇಳುವುದು ಸರಿಯಾಗಿದೆ. ಬರೀ ಕೆಂಪು, ನೀಲಿ ಸೇರಿದ ನೇರಳೆ ದೀಪದ ಕೆಳಗೂ ಗಿಡ ಬೆಳೆಯುತ್ತದೆ. ಎಲೆಯ ನಿಜವಾದ ಬಣ್ಣ ಮಾತ್ರ ಕಾಣುವುದಿಲ್ಲ. ರೋಗ, ನುಸಿ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ 1000 ವ್ಯಾಟ್ ಎಂಬ ಅಂಕಿಯನ್ನು ನಂಬಬೇಡಿ. ದೀಪ ಗೋಡೆಯ ಪ್ಲಗ್ಗಿನಿಂದ ಎಳೆಯುವುದು 100 ವ್ಯಾಟ್ ಆಗಿದ್ದರೆ ಅದೇ ಲೆಕ್ಕ. ಇನ್ನೊಂದು ಅಂಕಿ ಕೇಳಿ: ಪ್ರತಿ ಜೂಲ್‌ಗೆ ಎಷ್ಟು ಮೈಕ್ರೊಮೋಲ್ (ಗಿಡ ಬಳಸುವ ಬೆಳಕಿನ ಕಣಗಳ ಲೆಕ್ಕ) ಬೆಳಕು? 2.5 ಇದ್ದರೆ ಒಳ್ಳೆಯದು, 2ಕ್ಕಿಂತ ಕಡಿಮೆಯಿದ್ದರೆ ಬಿಟ್ಟುಬಿಡಿ, ಆ ಅಂಕಿಯನ್ನೇ ಕೊಡದವರಿಂದ ಕೊಳ್ಳಬೇಡಿ. 100 ವ್ಯಾಟ್ ಎಂದರೆ ಸೆಕೆಂಡಿಗೆ 100 ಜೂಲ್, ಹಾಗಾಗಿ 2.5ರ ದೀಪ ಸೆಕೆಂಡಿಗೆ 250 ಮೈಕ್ರೊಮೋಲ್ ಕೊಡುತ್ತದೆ. ಅದನ್ನು 90 ಸೆಂ.ಮೀ. ಚೌಕಕ್ಕೆ ಹರಡಿದರೆ, ಒಂದು ಹನಿ ಬೆಳಕೂ ಪೋಲಾಗದಿದ್ದರೂ ಚದರ ಮೀಟರಿಗೆ 310 ದಾಟುವುದಿಲ್ಲ. ಸೊಪ್ಪಿಗೆ ಅಷ್ಟು ಸಾಕು, ಕಾಯಿಗೆ ಸಾಲದು.

ಕಾಯಿ ಬಿಡುವ ಗಿಡಕ್ಕೆ ದಿನಕ್ಕೆ ಚದರ ಮೀಟರಿಗೆ 20ರಿಂದ 30 ಮೋಲ್ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೊಮೋಲ್) ಬೆಳಕು ಬೇಕು. ಗಿಡದ ತುದಿಯಲ್ಲಿ ಸೆಕೆಂಡಿಗೆ, ಚದರ ಮೀಟರಿಗೆ 400 ಮೈಕ್ರೊಮೋಲ್ ಬೀಳುವಂತೆ 16 ಗಂಟೆ ಉರಿಸಿದರೆ 23 ಮೋಲ್ ಆಗುತ್ತದೆ. ಈ ಬೋರ್ಡನ್ನು 30–35 ಸೆಂ.ಮೀ. ಎತ್ತರದಲ್ಲಿ ತೂಗಿಬಿಟ್ಟರೆ ನಡುಭಾಗದಲ್ಲಿ ಅದು ಸುಲಭ. ಮೂಲೆಗಳಿಗೆ ಕಡಿಮೆಯೇ, ಹಾಗಾಗಿ ಕುಂಡಗಳನ್ನು ವಾರಕ್ಕೊಮ್ಮೆ ಅದಲುಬದಲು ಮಾಡಿ. ಸಸಿಗಳಿಗೆ ಇಷ್ಟು ಬೇಡ. ದೀಪ 50 ಸೆಂ.ಮೀ. ಮೇಲಿರಲಿ, ಡಿಮ್ಮರ್ ಅರ್ಧಕ್ಕಿಂತ ಕೆಳಗಿರಲಿ, ಬೀಜದೆಲೆಗಳ ನಂತರ ನಾಲ್ಕೈದು ನಿಜ ಎಲೆ ಬಂದ ಮೇಲೆ ಒಂದೊಂದೇ ಹಂತ ಏರಿಸಿ. ಬೆಳಕು ಅಳೆಯುವ ಮೀಟರ್ ಇಲ್ಲದವರು ಫೋನಿನ ಲಕ್ಸ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಆ್ಯಪ್ ಬಳಸಬಹುದು. ಬಿಳಿ ಎಲ್‌ಇಡಿಗೆ ಲಕ್ಸ್ ಅನ್ನು ಸುಮಾರು 67ರಿಂದ ಭಾಗಿಸಿದರೆ ಮೈಕ್ರೊಮೋಲ್ ಸಿಗುತ್ತದೆ: 27,000 ಲಕ್ಸ್ ಎಂದರೆ ಹತ್ತಿರ ಹತ್ತಿರ 400. ನೇರಳೆ ದೀಪಕ್ಕೆ ಈ ಭಾಗಾಕಾರ ಹೊಂದುವುದಿಲ್ಲ. ಹೆಚ್ಚು ಹೊತ್ತು ಉರಿಸಿದರೆ ಹೆಚ್ಚು ಕಾಯಿ ಎಂದು 24 ಗಂಟೆಯೂ ಹಚ್ಚಿಡಬೇಡಿ. ಬಿಡುವಿಲ್ಲದ ಬೆಳಕಿನಲ್ಲಿ ಟೊಮೆಟೊ ಎಲೆ ಹಳದಿಯಾಗಿ ಹಾಳಾಗುತ್ತದೆ. ಎಂಟು ಗಂಟೆ ಕತ್ತಲೆ ಇರಲಿ.

ತೊಂದರೆ ಶುರುವಾದಾಗ ಹೊಸಬರು ಮೊದಲು ಗೊಬ್ಬರದ ಡಬ್ಬಿಗೆ ಕೈ ಹಾಕುತ್ತಾರೆ. ಅದು ಬೇಡ, ಮೊದಲು ಹಳದಿ ಎಲ್ಲಿಂದ ಶುರುವಾಗಿದೆ ನೋಡಿ. ಕೆಳಗಿನ ಹಳೆಯ ಎಲೆಯಿಂದ ಬಂದರೆ ಸಾರಜನಕದ ಕೊರತೆ ಇರಬಹುದು. ದೀಪಕ್ಕೆ ಹತ್ತಿರದ ತುದಿ ಮಾತ್ರ ಬಿಳಿಚಿಕೊಂಡು, ಎಲೆಯಂಚು ಮೇಲಕ್ಕೆ ಮಡಚಿದ್ದರೆ ಬೆಳಕು ಜಾಸ್ತಿ: ದೀಪವನ್ನು 10 ಸೆಂ.ಮೀ. ಏರಿಸಿ, ಗೊಬ್ಬರ ಮುಟ್ಟಬೇಡಿ. ಹೊಸ ಎಲೆ ಹಳದಿಯಾಗಿ ನರಗಳು ಹಸಿರಾಗೇ ಉಳಿದಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಕೊಕೊಪೀಟ್‌ನಲ್ಲಿ ಇದಕ್ಕೆ ಮುಖ್ಯ ಕಾರಣ ಪಿಎಚ್ (ಹುಳಿ-ಕ್ಷಾರದ ಅಳತೆ) 6.5 ದಾಟಿರುವುದು. ಕಾಂಡ ಸಣಕಲಾಗಿ, ಗೆಣ್ಣುಗಳ ನಡುವೆ ದೂರ ಹೆಚ್ಚಿದ್ದರೆ ಬೆಳಕು ಕಮ್ಮಿ. ಬಲ್ಲವರನ್ನು ಕೇಳುವಾಗ ದೀಪ ಆರಿಸಿ ಹಗಲ ಬೆಳಕಿನಲ್ಲಿ ಫೋಟೊ ತೆಗೆಯಿರಿ; ಎತ್ತರ, ಗಂಟೆ, ಡಿಮ್ಮರ್ ಮಟ್ಟ, ನೀರಿನ ಪಿಎಚ್ ಬರೆಯಿರಿ. ಇವಿಲ್ಲದೆ ಎಂಥ ಅನುಭವಿಯೂ ಊಹಿಸಬೇಕಷ್ಟೆ. ಅಂದಹಾಗೆ, ಹೂ ಬಿಟ್ಟೂ ಕಾಯಿ ಕಚ್ಚದಿದ್ದರೆ ದೀಪದ್ದೇ ತಪ್ಪು ಎನ್ನಬೇಡಿ. ಒಳಗೆ ಗಾಳಿಯಿಲ್ಲ, ಹೂಗೊಂಚಲನ್ನು ದಿನಕ್ಕೊಮ್ಮೆ ಬೆರಳಿನಿಂದ ಮೆಲ್ಲಗೆ ಅಲುಗಿಸಿ.

ಈ ಬೋರ್ಡುಗಳ ದೊಡ್ಡ ಕೊರತೆ ವೈರಿಂಗ್‌ನಲ್ಲಿದೆ. ಡ್ರೈವರನ್ನು ಬೋರ್ಡಿನ ಬೆನ್ನಿಗೇ ತಿರುಪು ಹಾಕಿ ಕೂರಿಸಿರುತ್ತಾರೆ, ಅದರ ಬಿಸಿಯೆಲ್ಲ ಗಿಡದ ಜಾಗಕ್ಕೇ. ವೈರ್ ಉದ್ದವಿರುವ, ಡ್ರೈವರನ್ನು ಹೊರಗೆ ಇಡಬಹುದಾದ ಮಾದರಿಯನ್ನೇ ಆರಿಸಿ. ಅರ್ತ್ ವೈರ್ ಲೋಹದ ತಗಡಿಗೆ ಸೇರಿರಲೇಬೇಕು. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ. ನೀರು ಹರಿದರೂ ಪ್ಲಗ್ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ಟೈಮರ್ ಅಗ್ಗದ್ದು ಬೇಡ. ಡ್ರೈವರ್ ಹತ್ತುವ ಕ್ಷಣ ಎಳೆಯುವ ಭಾರೀ ಕರೆಂಟಿಗೆ ಒಳಗಿನ ಸಂಪರ್ಕ ಬಿಂದುಗಳು ಬೆಸೆದುಕೊಂಡರೆ ದೀಪ ಆರುವುದೇ ಇಲ್ಲ. ವಾರಕ್ಕೊಮ್ಮೆಯಾದರೂ ಕತ್ತಲೆ ಹೊತ್ತಿನಲ್ಲಿ ಹೋಗಿ ನೋಡಿ.

16 ಗಂಟೆಗೆ 1.6 ಯೂನಿಟ್ ವಿದ್ಯುತ್. ಎರಡು ಮೆಣಸಿನ ಗಿಡ, ಒಂದು ಗಿಡ್ಡ ಜಾತಿಯ ಟೊಮೆಟೊ ಇದರ ಕೆಳಗೆ ಆರಾಮಾಗಿ ಕಾಯಿ ಬಿಡುತ್ತವೆ. ಬಳ್ಳಿಯಂತೆ ಉದ್ದ ಹೋಗುವ ಟೊಮೆಟೊಗೆ ಈ ದೀಪ ಬೇಡ; ತುದಿಗೆ ಬಿದ್ದ ಬೆಳಕು ಕೆಳಗಿನ ಕಾಯಿಗೊಂಚಲಿನ ಎಲೆಗಳವರೆಗೆ ಇಳಿಯುವುದಿಲ್ಲ.