ಮಂಗಳೂರಿನಲ್ಲಿ ಮನೆಗೆ ಪಿಜ್ಜಾ: ವರ್ಷಗಟ್ಟಲೆ ತರಿಸಿ ತಿಂದವಳ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಮನೆಗೆ ಪಿಜ್ಜಾ ತರಿಸುವುದಾದರೆ ದಪ್ಪ ತಳದ ಪ್ಯಾನ್ ಪಿಜ್ಜಾ ತರಿಸಿ. ತೆಳ್ಳಗಿನದ್ದು ಬೇಕು ಅನಿಸಿದರೆ ಅಂಗಡಿಗೇ ಹೋಗಿ, ಕೂತು ತಿನ್ನಿ.

ನಮ್ಮ ಮನೆ ಕುಲಶೇಖರದಲ್ಲಿ. ನಾನು ತರಿಸುವ ಅಂಗಡಿಗಳೆಲ್ಲ ಬಲ್ಮಠ, ಕದ್ರಿ, ಬಿಜೈ ಕಡೆಯವು. ಅಲ್ಲಿಂದ ಹುಡುಗರು ಹೆಚ್ಚಾಗಿ ನಂತೂರು ಸರ್ಕಲ್ ದಾಟಿ ಬರುತ್ತಾರೆ. ಸಂಜೆ ಹೊತ್ತು ಅಲ್ಲಿ ಎಂಥ ಟ್ರಾಫಿಕ್ ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ದೊಡ್ಡ ಚೈನ್‌ನಿಂದಲೂ ತರಿಸಿದ್ದೇನೆ, ಊರಿನವರೇ ನಡೆಸುವ ಸಣ್ಣ ಅಂಗಡಿಗಳಿಂದಲೂ ತರಿಸಿದ್ದೇನೆ, ಮನೆಯಲ್ಲೇ ಓವನ್ ಇಟ್ಟುಕೊಂಡು ಆರ್ಡರ್ ಮೇಲೆ ಮಾಡಿಕೊಡುವವರಿಂದಲೂ ತರಿಸಿದ್ದೇನೆ. ರುಚಿಯಲ್ಲಿ ಒಬ್ಬರು ಹೆಚ್ಚು, ಒಬ್ಬರು ಕಮ್ಮಿ ಇರಬಹುದು. ಆದರೆ ಬಾಕ್ಸ್ ಒಳಗೆ ಆಗುವ ಕಥೆ ಎಲ್ಲರದ್ದೂ ಒಂದೇ.

ನನಗೆ ತುಂಬ ಇಷ್ಟವಾದದ್ದು ಇಟಲಿಯ ನೇಪಲ್ಸ್ ಶೈಲಿಯ ತೆಳು ಪಿಜ್ಜಾ. ಕಟ್ಟಿಗೆ ಒಲೆಯಲ್ಲಿ 450 ಡಿಗ್ರಿ ಸುತ್ತಮುತ್ತಲಿನ ಬಿಸಿಗೆ 60ರಿಂದ 90 ಸೆಕೆಂಡಿನಲ್ಲಿ ಬೇಯುತ್ತದೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬಿದ್ದಿರುತ್ತದೆ, ನಡುಭಾಗ ಮೆತ್ತಗೆ, ಒದ್ದೆ ಒದ್ದೆ. ಅದು ಹಾಗೇ ಇರಬೇಕು. ಅದನ್ನು ಮಾಡುವವರ ಕಲೆಯನ್ನು 2017ರಲ್ಲಿ ಯುನೆಸ್ಕೋ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು. ಅದರ ಗುಣಮಟ್ಟ ಕಾಯಲು ನೇಪಲ್ಸ್‌ನಲ್ಲಿ 1984ರಲ್ಲಿ ಸಂಘವೇ ಹುಟ್ಟಿತು. ಓವನ್‌ನಿಂದ ತೆಗೆದ ಕೂಡಲೇ ಅಲ್ಲೇ ತಿನ್ನಬೇಕು ಅನ್ನುತ್ತದೆ ಆ ಸಂಘ. ಕಾವಲಿಯಿಂದ ಎತ್ತಿದ ನೀರುದೋಸೆಗೂ ಪಾರ್ಸೆಲ್ ಕಟ್ಟಿಸಿದ ನೀರುದೋಸೆಗೂ ಎಷ್ಟು ವ್ಯತ್ಯಾಸ ಉಂಟು, ಅಷ್ಟೇ ಇದಕ್ಕೂ. ಈ ಶೈಲಿ ಮಾಡುವ ಅಂಗಡಿಯಿಂದ ಡೆಲಿವರಿ ತರಿಸಿ, ನಡುಭಾಗ ಕೈಯಲ್ಲೇ ಹರಿದು ಬಿತ್ತು ಅಂತ ಒಂದು ಸ್ಟಾರ್ ಕೊಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಮಾಡಿದವರ ತಪ್ಪು ಅದರಲ್ಲಿ ಏನೂ ಇಲ್ಲ.

ನ್ಯೂಯಾರ್ಕ್ ಶೈಲಿಯದ್ದು ಕೂಡ ತೆಳುವೇ. ಆದರೆ ಅಷ್ಟು ಬಿಸಿ ಇಲ್ಲದ ಓವನ್‌ನಲ್ಲಿ ಜಾಸ್ತಿ ಹೊತ್ತು ಬೇಯುತ್ತದೆ, ನೀರಿನಂಶ ಕಮ್ಮಿ ಇರುವ ಮೊಝರೆಲ್ಲಾ ಹಾಕುತ್ತಾರೆ. ಹತ್ತಿರದಲ್ಲೇ ಮನೆ ಇದ್ದವರು ಧೈರ್ಯವಾಗಿ ತರಿಸಬಹುದು. ಆಳದ ಪಾತ್ರೆಯಲ್ಲಿ ಬೇಯಿಸುವ ಚಿಕಾಗೋದ ಡೀಪ್ ಡಿಶ್ ಎಂಬ ಹೆಸರಿನಲ್ಲಿ ನನಗೆ ಇಲ್ಲಿ ಸಿಕ್ಕಿದ್ದು ಬರೀ ದಪ್ಪ ಬ್ರೆಡ್, ಅದನ್ನು ಬಿಟ್ಟುಬಿಡಿ.

ನಮ್ಮ ಊರಿನ ಮಳೆಗೆ, ರಸ್ತೆಗೆ ಹೇಳಿ ಮಾಡಿಸಿದ್ದು ದಪ್ಪ ತಳದ ಡೆಟ್ರಾಯಿಟ್ ಶೈಲಿಯ ಪ್ಯಾನ್ ಪಿಜ್ಜಾ. 1946ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಬಡ್ಡೀಸ್ ಎಂಬಲ್ಲಿ ಶುರುವಾದದ್ದು. ಅದು ಕಾರ್ ಕಾರ್ಖಾನೆಗಳ ಊರು. ಕಾರ್ಖಾನೆಯಲ್ಲಿ ಬಿಡಿಭಾಗ ಇಡಲು ಬಳಸುತ್ತಿದ್ದ ಚೌಕದ ಉಕ್ಕಿನ ಟ್ರೇಯಲ್ಲೇ ಹಿಟ್ಟು ಹಾಕಿ ಬೇಯಿಸಿದರಂತೆ. ಚೀಸ್ ಟ್ರೇಯ ಅಂಚಿನವರೆಗೂ ಹೋಗಿ ಅಲ್ಲೇ ಕರಿದು ಕಂದು ಬಣ್ಣಕ್ಕೆ ಬರುತ್ತದೆ. ಸಾಸ್ ಹಾಕುವುದು ಚೀಸ್ ಮೇಲೆ, ಹಾಗಾಗಿ ತಳಕ್ಕೆ ನೀರು ಇಳಿಯುವುದು ಕಡಿಮೆ. ಇಲ್ಲಿ ಮನೆಯಿಂದಲೇ ಮಾಡಿಕೊಡುವ ಒಬ್ಬರು ಮೊಝರೆಲ್ಲಾ ಜೊತೆ ಸ್ವಲ್ಪ ಚೆಡ್ಡರ್ ಸೇರಿಸಿ ಮಾಡುತ್ತಾರೆ. ಜುಲೈನ ಜಡಿಮಳೆಯಲ್ಲಿ ಮುಕ್ಕಾಲು ಗಂಟೆ ತಡವಾಗಿ ಬಂದರೂ ಆ ಮೂಲೆ ತುಂಡು ಕಚ್ಚಿದರೆ ಕರುಂ ಅನ್ನುತ್ತದೆ. ನಮ್ಮನೆಯಲ್ಲಿ ಮೂಲೆ ತುಂಡಿಗೆ ಮಕ್ಕಳ ಜಗಳ ಇನ್ನೂ ನಿಂತಿಲ್ಲ.

ತೆಳ್ಳಗಿನದ್ದು ತರಿಸಿದರೆ ಏನಾಗುತ್ತದೆ ಅಂತಲೂ ಹೇಳಬೇಕಲ್ವಾ. ಬಾಕ್ಸ್ ತೆರೆದರೆ ಮುಚ್ಚಳದ ಒಳಗೆಲ್ಲ ಸಣ್ಣ ಸಣ್ಣ ನೀರಹನಿ. ಅಡಿಯ ರಟ್ಟು ಮೆತ್ತಗಾಗಿ, ಎತ್ತಿದರೆ ನಡುವೆ ಬಾಗುತ್ತದೆ. ಬಿಕರ್ನಕಟ್ಟೆ ಏರು ಹತ್ತಿ ಬಂದದ್ದಕ್ಕೆ ಚೀಸ್ ಪೂರ್ತಿ ಒಂದು ಬದಿಗೆ ಜಾರಿ, ಇನ್ನೊಂದು ಬದಿಯಲ್ಲಿ ಬರೀ ಸಾಸ್. ಬಿಸಿ ಪಿಜ್ಜಾದಿಂದ ಏಳುವ ಹಬೆಗೆ ಹೋಗಲು ದಾರಿ ಇಲ್ಲ, ಮತ್ತೆ ಪಿಜ್ಜಾದ ಮೇಲೇ ಬೀಳುತ್ತದೆ. ಬಾಕ್ಸ್‌ನಲ್ಲಿ ತೂತು ಇದ್ದರೂ ಮಳೆ ಅಂತ ಬ್ಯಾಗನ್ನು ಬಿಗಿಯಾಗಿ ಮುಚ್ಚಿರುತ್ತಾರೆ. ಕರಾವಳಿಯ ಗಾಳಿಯಲ್ಲೇ ತೇವ ಬೇರೆ. ನಡುವೆ ನಿಲ್ಲಿಸುವ ಮೂರು ಕಾಲಿನ ಆ ಪುಟ್ಟ ಪ್ಲಾಸ್ಟಿಕ್ ಸ್ಟೂಲ್ ಉಂಟಲ್ಲ, ಅದಕ್ಕೆ ನ್ಯೂಯಾರ್ಕ್ ಕಡೆಯ ಕಾರ್ಮೆಲಾ ವಿಟಾಲೆ ಎಂಬ ಮಹಿಳೆ 1985ರಲ್ಲಿ ಪೇಟೆಂಟ್ ಪಡೆದರು. ಮುಚ್ಚಳ ಕುಸಿದು ಚೀಸ್‌ಗೆ ಅಂಟದ ಹಾಗೆ ಅದು ತಡೆಯುತ್ತದೆ. ಹಬೆಯನ್ನು ತಡೆಯಲು ಅದರಿಂದ ಆಗುವುದಿಲ್ಲ.

ಇದಕ್ಕೆ ನಾನು ಕಂಡುಕೊಂಡ ಒಳ್ಳೆಯ ಉಪಾಯ, ಕತ್ತರಿಸದೆ ಕಳಿಸಲು ಹೇಳುವುದು. ಕತ್ತರಿಸಿದ ಸಂದಿನಿಂದಲೇ ಸಾಸ್, ಎಣ್ಣೆ ಕೆಳಗೆ ಇಳಿಯುವುದು. ಇಡಿಯಾಗಿ ಬಂದರೆ ತಳ ಎಷ್ಟೋ ಗಟ್ಟಿ ಇರುತ್ತದೆ. ಮನೆಯಲ್ಲಿ ಅಡುಗೆಮನೆ ಕತ್ತರಿಯಿಂದ ಕತ್ತರಿಸಿಕೊಳ್ಳಿ. ರೋಮ್‌ನಲ್ಲಿ ಟ್ರೇ ಪಿಜ್ಜಾವನ್ನು ಕತ್ತರಿಯಲ್ಲೇ ಕತ್ತರಿಸಿ, ತೂಕ ಮಾಡಿ ಮಾರುತ್ತಾರೆ. ಇನ್ನು ಮಶ್ರೂಮ್, ಟೊಮೆಟೊ, ಈರುಳ್ಳಿ ಮೂರೂ ಒಟ್ಟಿಗೆ ಬೇಡ, ಮೂರೂ ನೀರು ಬಿಡುತ್ತವೆ. ಚಿಕನ್ ಘೀ ರೋಸ್ಟ್ ಹಾಕಿದ ಪಿಜ್ಜಾ ನನಗೆ ಇಷ್ಟ, ಆದರೆ ತೆಳು ತಳಕ್ಕೆ ಆ ತುಪ್ಪ ಹೊರಲು ಆಗುವುದಿಲ್ಲ, ಪ್ಯಾನ್ ಪಿಜ್ಜಾದಲ್ಲೇ ಹೇಳಿ. ಅನಾನಸು ಹಾಕಿದ್ದನ್ನು ಕಂಡರೆ ಮುಖ ಸಿಂಡರಿಸುವವರು ಸುಮಾರು ಜನ ಇದ್ದಾರೆ. ಅದು 1962ರಲ್ಲಿ ಕೆನಡಾದಲ್ಲಿ ಹುಟ್ಟಿದ್ದು. ಅನಾನಸು ಮೆಣಸ್ಕಾಯಿ ಸುರಿದುಕೊಂಡು ಊಟ ಮಾಡುವ ನಮಗೆ ಸಿಹಿ, ಹುಳಿ, ಖಾರ ಒಟ್ಟಿಗೆ ಹೊಸದೇನಲ್ಲ. ಸ್ವಲ್ಪ ಹಸಿಮೆಣಸು ಜಾಸ್ತಿ ಹಾಕಿಸಿ ನೋಡಿ.

ಡೆಲಿವರಿ ಹುಡುಗರ ಬಗ್ಗೆ ನನಗೆ ದೂರು ಇಲ್ಲ. ಮ್ಯಾಪ್ ನಮ್ಮ ಮನೆಯನ್ನು ಕೆಳಗಿನ ಓಣಿಯಲ್ಲಿ ತೋರಿಸುತ್ತದೆ, ದಾರಿ ಇರುವುದು ಮೇಲಿನಿಂದ. "ಅಕ್ಕ, ನಾಗಬನದ ಹತ್ತಿರ ನಿಂತಿದ್ದೇನೆ, ಇನ್ನೆಲ್ಲಿಗೆ ಬರಬೇಕು?" ಅಂತ ರೈನ್‌ಕೋಟ್ ಒಳಗಿಂದ ಫೋನ್ ಮಾಡುತ್ತಾರೆ. ಈಗ ಆರ್ಡರ್ ಮಾಡುವಾಗಲೇ ದಾರಿ ಬರೆದುಬಿಡುತ್ತೇನೆ, ಗೇಟ್ ಲೈಟ್ ಹಾಕಿಡುತ್ತೇನೆ. 30 ನಿಮಿಷದ ಭರವಸೆ ಕೊಡುತ್ತಿದ್ದ ಡೊಮಿನೋಸ್, ಡೆಲಿವರಿ ವಾಹನಗಳ ಅಪಘಾತದ ಮೊಕದ್ದಮೆಗಳಾದ ಮೇಲೆ 1993ರಲ್ಲಿ ಅಮೆರಿಕದಲ್ಲಿ ಅದನ್ನು ಕೈಬಿಟ್ಟಿತು. ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ನೀರು ನಿಂತ ದಿನ ಯಾವ ಹುಡುಗನೂ ನನ್ನ ಪಿಜ್ಜಾಕ್ಕಾಗಿ ಗಾಡಿ ಓಡಿಸಿಕೊಂಡು ಬರುವುದು ಬೇಡ. ನಿಧಾನ ಬಂದದ್ದಕ್ಕೆ ರೇಟಿಂಗ್ ಕಮ್ಮಿ ಮಾಡಬೇಡಿ ಮಾರಾಯ್ರೆ. ಕೈಗೆ ಸ್ವಲ್ಪ ದುಡ್ಡು ಕೊಡಿ.

ಆ್ಯಪ್‌ಗಳಿಗೆ ಮಾತ್ರ ನನ್ನಿಂದ ಅಷ್ಟು ಒಳ್ಳೆಯ ಅಂಕ ಇಲ್ಲ. ಒಂದು ಆ್ಯಪ್‌ನಲ್ಲಿ ವೆಜ್ ಬದಲು ಚಿಕನ್ ಬಂತು, ಅತ್ತೆ ಉಪವಾಸ ಕೂರಬೇಕಾಯಿತು. ಫೋಟೋ ಕಳಿಸಿದರೆ ಸಿಕ್ಕಿದ್ದು ಮುಂದಿನ ಆರ್ಡರ್‌ಗೆ ಕೂಪನ್. ನಾನು ತರಿಸುವ ಸಣ್ಣ ಅಂಗಡಿಯಲ್ಲಿ ಅದೇ ಪಿಜ್ಜಾಕ್ಕೆ ಆ್ಯಪ್‌ಗಿಂತ ನೇರ ಫೋನ್ ಮಾಡಿದರೆ ರೇಟ್ ಕಮ್ಮಿ, ಏನಾದರೂ ತಪ್ಪಾದರೆ ಮಾತಾಡಲು ಮನುಷ್ಯರೂ ಸಿಗುತ್ತಾರೆ.

ಮೆತ್ತಗಾಗಿ ಬಂದದ್ದನ್ನು ಮೈಕ್ರೋವೇವ್‌ಗೆ ಇಡಬೇಡಿ, ತಳ ನಾರಿನ ಹಾಗಾಗುತ್ತದೆ. ದಪ್ಪ ಕಾವಲಿ ಬಿಸಿ ಮಾಡಿ, ಎಣ್ಣೆ ಹಾಕದೆ ತುಂಡು ಇಡಿ. ಸಣ್ಣ ಉರಿ, ಎರಡು ನಿಮಿಷ, ಮುಚ್ಚಳ ಬೇಡ. ತಳ ಗರಿಯಾದ ಮೇಲೆ ಕಾವಲಿಯ ಬದಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಒಂದೇ ನಿಮಿಷ ಮುಚ್ಚಿದರೆ ಚೀಸ್ ಮತ್ತೆ ಕರಗುತ್ತದೆ.