ಲೆಕ್ಕೋ–ಟಿರಾನೋ ರೈಲು, ಸರೋವರದ ದೋಣಿ: ವಿದ್ಯಾರ್ಥಿ ಜೇಬಿಗೆ ಹೊಂದುವ ವಾರಾಂತ್ಯ

ಮೊದಲೇ ಹೇಳಿಬಿಡುತ್ತೇನೆ. ಇಟಲಿಯ ಕೋಮೋ ಸರೋವರ ನೋಡಲು ಪ್ಯಾಕೇಜ್ ಟೂರ್ ಬೇಡ, ಟ್ಯಾಕ್ಸಿ ದೋಣಿ ಬೇಡ, ಬಾಡಿಗೆ ಕಾರಂತೂ ಬೇಡವೇ ಬೇಡ. ಮಿಲಾನ್‌ನಿಂದ ಲೆಕ್ಕೋ ಮೇಲೆ ಹಾದು ಟಿರಾನೋಗೆ ಹೋಗುವ ಮಾಮೂಲಿ ರೈಲು ಒಂದು, ಸರೋವರದ ಸರ್ಕಾರಿ ದೋಣಿ ಒಂದು. ಇವೆರಡು ಸಾಕು. ರೈಲಿಗೆ ಐದಕ್ಕೆ ನಾಲ್ಕು ಅಂಕ, ದೋಣಿಗೆ ನಾಲ್ಕೂವರೆ. ಕಳೆದದ್ದು ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನು ದಾವಣಗೆರೆಯವಳು. ಮಿಲಾನ್ ಪಾಲಿಟೆಕ್ನಿಕ್‌ನ ಲೆಕ್ಕೋ ಕ್ಯಾಂಪಸ್‌ನಲ್ಲಿ ಸಿವಿಲ್ ಓದುತ್ತಿದ್ದೇನೆ. ಲೆಕ್ಕೋ ಸುಮಾರು 48 ಸಾವಿರ ಜನರ ಪುಟ್ಟ ಊರು. ಒಂದು ಕಡೆ ಸರೋವರ, ಇನ್ನೊಂದು ಕಡೆ ನೆತ್ತಿಯ ಮೇಲೆ ಬಿದ್ದೇಬಿಡುತ್ತವೇನೋ ಅನ್ನುವ ಬಂಡೆ ಬೆಟ್ಟಗಳು. ಹದಿನಾಲ್ಕನೇ ಶತಮಾನದ ಅಜ್ಜೋನೆ ವಿಸ್ಕೊಂಟಿ ಸೇತುವೆ ನೋಡಿ, ಸಾನ್ ನಿಕೊಲೊ ಚರ್ಚಿನ 96 ಮೀಟರ್ ಗೋಪುರ ನೋಡಿ, ದಂಡೆಯ ಮೇಲೆ ಐಸ್‌ಕ್ರೀಮ್ ತಿಂದರೆ ಊರು ಮುಗಿಯಿತು. ಶನಿವಾರ ಸಂಜೆ ಎಲ್ಲಿ ಹೋದರೂ ಅದೇ ಕ್ಲಾಸ್‌ಮೇಟ್‌ಗಳು, ಅದೇ ಅಸೈನ್‌ಮೆಂಟ್ ಮಾತು. ಹಾಗಾಗಿ ವಾರಾಂತ್ಯಕ್ಕೆ ಊರು ಬಿಡಲೇಬೇಕು. ಎಲ್ಲರೂ ಮಿಲಾನ್ ಕಡೆ ಓಡುತ್ತಾರೆ. ನಲವತ್ತು ನಿಮಿಷದ ದಾರಿ, ತಪ್ಪೇನಿಲ್ಲ. ಆದರೆ ಮಿಲಾನ್‌ನಲ್ಲಿ ಇಳಿದ ಕೂಡಲೇ ದುಡ್ಡು ಕರಗಲು ಶುರುವಾಗುತ್ತದೆ. ಅದೇ ಸ್ಟೇಷನ್ನಿನಲ್ಲಿ ಎದುರು ದಿಕ್ಕಿನ ರೈಲು ಹತ್ತಿ ನೋಡಿ.

ಹತ್ತಿದವರು ಎಡಗಡೆ ಕಿಟಕಿ ಹಿಡಿಯಿರಿ. ಇದೊಂದು ಮಾತು ನೆನಪಿಟ್ಟುಕೊಂಡರೆ ಸಾಕು. ಹಳಿ ಸರೋವರದ ಪೂರ್ವ ದಂಡೆಗೆ ಅಂಟಿಕೊಂಡೇ ಉತ್ತರಕ್ಕೆ ಹೋಗುತ್ತದೆ, ನೀರೆಲ್ಲಾ ಎಡಕ್ಕೆ. ಬಲಗಡೆ ಕೂತವರಿಗೆ ಬಂಡೆ ಮತ್ತು ಯಾರದೋ ಹಿತ್ತಿಲಲ್ಲಿ ಒಣಗಿದ ಬಟ್ಟೆ. ಸುರಂಗಗಳು ಜಾಸ್ತಿ. ಫೋನ್ ಎತ್ತಿ ಫೋಟೋ ಫ್ರೇಮ್ ಮಾಡುವಷ್ಟರಲ್ಲಿ ಕತ್ತಲು, ಫೋನ್ ಕೆಳಗಿಟ್ಟ ತಕ್ಷಣ ನೀಲಿ ನೀರು. ಫೋಟೋ ಆಸೆ ಬಿಟ್ಟು ಸುಮ್ನೆ ನೋಡುತ್ತಾ ಕೂತುಕೊಳ್ಳುವುದೇ ಒಳ್ಳೆಯದು. ಮಂದೆಲ್ಲೋ ಬರುತ್ತದೆ. 1921ರಲ್ಲಿ ಶುರುವಾದ ಮೋಟೋ ಗುಜ್ಜಿ ಬೈಕ್ ಕಂಪನಿಯ ಊರು ಅದು. ನಮ್ಮ ಗುಂಪಿನ ಬುಲೆಟ್ ಹುಚ್ಚಿನ ಹುಡುಗನೊಬ್ಬ ಆ ಸ್ಟೇಷನ್ ಬಂದಾಗಲೆಲ್ಲಾ ಎದ್ದು ನಿಲ್ಲುತ್ತಾನೆ, ಯಾಕೋ ಗೊತ್ತಿಲ್ಲ.

ಈ ಹಳಿಗೆ ಒಂದು ಹಿರಿಮೆ ಇದೆ. ರೈಲಿನಲ್ಲಿ ಕೂತ ಟೂರಿಸ್ಟ್‌ಗಳು ಯಾರೂ ಅದನ್ನು ಮಾತಾಡುವುದಿಲ್ಲ. 1902ರಲ್ಲೇ ಇಲ್ಲಿ ಕರೆಂಟ್ ರೈಲು ಓಡಿತು. ಹಂಗೇರಿಯ ಎಂಜಿನಿಯರ್ ಕಾಲ್ಮಾನ್ ಕಾಂಡೋ ರೂಪಿಸಿದ ಹೈ ವೋಲ್ಟೇಜ್ ತ್ರೀ ಫೇಸ್ ವ್ಯವಸ್ಥೆ. ಮುಖ್ಯ ರೈಲು ಮಾರ್ಗವೊಂದರಲ್ಲಿ ಅಂಥದ್ದು ಬಂದದ್ದು ಜಗತ್ತಿನಲ್ಲೇ ಮೊದಲು. ಕರೆಂಟ್ ಬಂದದ್ದು ಈ ಹಳಿ ಮುಂದೆ ಹೋಗುವ ಕಣಿವೆಯ ಅದ್ದಾ ನದಿಯ ನೀರಿನಿಂದ. ಅದೇ 1902ರಲ್ಲಿ ನಮ್ಮಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿಗೆ ಹೋಯಿತು. ಇದನ್ನು ಇಟಲಿಯ ರೂಮ್‌ಮೇಟ್‌ಗೆ ಹೇಳಿದಾಗ ಅವಳು ಕಾವೇರಿ ಯಾವ ಕಡೆ ಇದೆ ಅಂತ ಮ್ಯಾಪ್ ತೆಗೆದು ಹುಡುಕಿದಳು. ನನಗೆ ಒಳಗೊಳಗೇ ಖುಷಿ.

ಇನ್ನು ಒಂದು ಅಂಕ ಕಳೆದ ಕಾರಣ. ಲೆಕ್ಕೋ ದಾಟಿದ ಮೇಲೆ ಬಹುಪಾಲು ಒಂಟಿ ಹಳಿ. ಎದುರಿನ ರೈಲು ತಡವಾದರೆ ನಮ್ಮದು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಕ್ರಾಸಿಂಗ್‌ಗೆ ಕಾಯಬೇಕು. ಹಳಿ ಕೆಲಸ ಇದ್ದಾಗ ರೈಲು ನಿಲ್ಲಿಸಿ ಬದಲಿ ಬಸ್ ಬಿಡುವುದೂ ಉಂಟು. ಆ ಬಸ್ಸಿನಲ್ಲಿ ಎಡಗಡೆ ಕಿಟಕಿಯ ಮಜಾ ಸಿಗುವುದಿಲ್ಲ. ಮೇಲಿಂದ ಮುಷ್ಕರ. ಇಟಲಿಯಲ್ಲಿ ಮುಷ್ಕರವನ್ನು ಮುಂಚೆಯೇ ದಿನಾಂಕ ಹೇಳಿ ಮಾಡುತ್ತಾರೆ, ಅದು ಅವರ ದೊಡ್ಡತನ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕೆಲವು ರೈಲುಗಳನ್ನು ಓಡಿಸುತ್ತಾರೆ. ಭಾನುವಾರ ಆ ಭರವಸೆ ಇಲ್ಲ. ಆದ್ದರಿಂದ ಶುಕ್ರವಾರ ರಾತ್ರಿ ಮಲಗುವ ಮುಂಚೆ ‘ಶೋಪೆರೋ’ (ಮುಷ್ಕರ) ಅಂತ ಒಂದು ಸಲ ಹುಡುಕಿ ನೋಡಿ. ಇನ್ನೊಂದು: ಕಾಗದದ ಟಿಕೆಟ್ ತೆಗೆದುಕೊಂಡರೆ ಪ್ಲಾಟ್‌ಫಾರ್ಮಿನ ಮೆಷಿನ್‌ನಲ್ಲಿ ಅದಕ್ಕೆ ಮುದ್ರೆ ಒತ್ತಿಸಿಕೊಂಡೇ ಹತ್ತಬೇಕು. ದುಡ್ಡು ಕೊಟ್ಟ ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ. ಹೊಸಬರು ಇಲ್ಲಿ ಸಿಕ್ಕಿಬೀಳುತ್ತಾರೆ.

ಲೆಕ್ಕೋದಿಂದ ಸರೋವರದ ದಂಡೆಯ ವರೆನ್ನಾ ಊರಿಗೆ ಇಪ್ಪತ್ತು ಚಿಲ್ಲರೆ ನಿಮಿಷ. ಟಿಕೆಟ್ ಮೂರು ಯೂರೋ ಆಸುಪಾಸು. ಸ್ಟೇಷನ್ನಿನಿಂದ ಇಳಿಜಾರಿನಲ್ಲಿ ಕೆಳಗಿಳಿದರೆ ದೋಣಿ ಕಟ್ಟೆ, ಅಲ್ಲಿಂದ ಹಳೇ ಊರಿಗೆ ನೀರಿನ ಮೇಲೆ ತೂಗುವ ಕಿರಿದಾದ ಕಾಲುದಾರಿ, ಕೆಂಪು ಕಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಹೆಜ್ಜೆಗೊಂದು ಸೆಲ್ಫಿ. ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ಅಕ್ಟೋಬರ್‌ನಲ್ಲಿ ಹೋಗಿ. ವಿಲ್ಲಾ ಮೊನಾಸ್ಟೆರೋ ತೋಟಕ್ಕೆ ಟಿಕೆಟ್ ಇದೆ. ಹೂವು, ಸೈಪ್ರೆಸ್ ಮರ, ಕೆಳಗೆ ನೀರು, ಚೆನ್ನಾಗಿದೆ. ಆದರೆ ನಾನು ದುಡ್ಡು ಕೊಟ್ಟಿದ್ದು ಬೇರೆ ಕಾರಣಕ್ಕೆ. 1953ರಿಂದ ಅಲ್ಲಿ ಭೌತಶಾಸ್ತ್ರದ ಬೇಸಿಗೆ ಶಾಲೆ ನಡೆಯುತ್ತಿದೆ, 1954ರಲ್ಲಿ ಎನ್ರಿಕೋ ಫೆರ್ಮಿ ಬಂದು ಪಾಠ ಮಾಡಿದ್ದರು. ಇಂಥ ಜಾಗದಲ್ಲಿ ಪಾಠ ಕೇಳಲು ಕೂತವರು ಕಿಟಕಿ ಹೊರಗೆ ನೋಡದೆ ಹೇಗಿದ್ದರೋ!

ಪುಕ್ಕಟೆ ಬೇಕು ಅನ್ನುವವರಿಗೆ ಫಿಯುಮೆಲಾತ್ತೆ ಇದೆ. ವರೆನ್ನಾದ ಸ್ಮಶಾನದ ಪಕ್ಕದಿಂದ ಕಾಡು ದಾರಿಯಲ್ಲಿ ನಡೆದು ಹೋಗಬಹುದು. ಇದು ಒಂದು ನದಿ, ಉದ್ದ ಬರೀ 250 ಮೀಟರ್! ಬಂಡೆಯ ಗುಹೆಯಿಂದ ಹೊರಗೆ ಬಂದು, ನೊರೆ ನೊರೆಯಾಗಿ ಬಿಳಿ ಬಿಳಿ ಇಳಿದು, ಸರೋವರ ಸೇರಿಬಿಡುತ್ತದೆ. ಹುಟ್ಟು, ಬದುಕು ಎರಡನ್ನೂ ಒಂದೇ ಕಡೆ ನಿಂತು ನೋಡಬಹುದು. ವಸಂತ ಬಂದ ಮೇಲೆ ಹರಿಯುತ್ತದೆ, ಚಳಿ ಶುರುವಾಗುತ್ತಿದ್ದಂತೆ ಬತ್ತುತ್ತದೆ. ಲಿಯೊನಾರ್ಡೋ ಡಾ ವಿಂಚಿಯೂ ತನ್ನ ಟಿಪ್ಪಣಿಯಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಜನವರಿಯಲ್ಲಿ ಹೋದರೆ ಒಣ ಕಲ್ಲು ನೋಡಿ ಬರಬೇಕಾಗುತ್ತದೆ.

ಈಗ ದೋಣಿ. ವರೆನ್ನಾದಿಂದ ಬೆಲ್ಲಾಜಿಯೋಗೆ ಕಾಲು ಗಂಟೆ, ಐದು ಯೂರೋ ಒಳಗೆ ಹೊರಗೆ. ಮೂರು ಥರದ ದೋಣಿಗಳಿವೆ. ಬೇಗ ಹೋಗುವುದಕ್ಕೆ ರೇಟು ಜಾಸ್ತಿ, ಗಾಜಿನ ಒಳಗೆ ಕೂರಿಸುತ್ತಾರೆ, ಬೇಡ. ನಿಧಾನದ ಪ್ರಯಾಣಿಕ ದೋಣಿ ಚೆನ್ನ. ನನಗೆ ಎಲ್ಲಕ್ಕಿಂತ ಇಷ್ಟ ಕಾರು ಸಾಗಿಸುವ ದೊಡ್ಡ ದೋಣಿ. ಕೆಳಗೆ ಕಾರು, ಬೈಕು, ಹಾಲಿನ ವ್ಯಾನು. ಮೇಲೆ ತೆರೆದ ಅಟ್ಟ. ಕಟ್ಟೆಗೆ ಬರುತ್ತಿದ್ದಂತೆ ಮುಂದಿನ ಕಬ್ಬಿಣದ ಬಾಯಿ ಕರ್ರ್ ಅಂತ ಇಳಿಯುತ್ತದೆ. ಹಗ್ಗ ಹಿಡಿದವನು ಸಿಗರೇಟು ಬಾಯಲ್ಲೇ ಇಟ್ಟುಕೊಂಡು ಒಂದೇ ಎಸೆತಕ್ಕೆ ಗೂಟಕ್ಕೆ ಕುಣಿಕೆ ಹಾಕುತ್ತಾನೆ. ಆ ಎಸೆತ ನೋಡಲಿಕ್ಕೇ ಐದು ಯೂರೋ ಕೊಡಬಹುದು. ಈ ಸರೋವರ ಅತಿ ಆಳವಿರುವ ಕಡೆ 400 ಮೀಟರಿಗೂ ಜಾಸ್ತಿ ಆಳ ಅನ್ನುವುದನ್ನು ಅಮ್ಮನಿಗೆ ನಾನು ಹೇಳಿಲ್ಲ. ಅರ್ಧ ಅಂಕ ಕಳೆದದ್ದು ಬೇಸಿಗೆ ಕ್ಯೂಗೆ. ಬಿಸಿಲಲ್ಲಿ ನಿಂತು ನಿಂತು ಸಾಕಾಗುತ್ತದೆ. ಮತ್ತೆ ಲೆಕ್ಕೋ ಕಡೆಯ ಕವಲಿಗೆ ದೋಣಿ ಕಡಿಮೆ, ಚಳಿಗಾಲದಲ್ಲಿ ಅದನ್ನು ನಂಬಿಕೊಳ್ಳಬೇಡಿ. ರೈಲಿನಲ್ಲಿ ವರೆನ್ನಾಗೆ ಬಂದು ದೋಣಿ ಹತ್ತುವುದೇ ಸರಿ.

ಬೆಲ್ಲಾಜಿಯೋ ಚೆಂದದ ಊರು, ಆದರೆ ಟೂರಿಸ್ಟ್‌ಗಳ ಸಂತೆ. ಮೆಟ್ಟಿಲ ಬೀದಿಯಲ್ಲಿ ರೇಷ್ಮೆ ಸ್ಕಾರ್ಫ್ ಮುಟ್ಟಿ ಮುಟ್ಟಿ ವಾಪಸ್ ಇಡುವುದು ನಮ್ಮಂಥವರ ಕೆಲಸ. ಊರ ತುದಿಯ ಪುಂತಾ ಸ್ಪಾರ್ತಿವೆಂತೋಗೆ ಹೋಗಿ. ಪಾರ್ಕ್ ಫ್ರೀ. ಸರೋವರ ಮೂರು ಕವಲಾಗುವ ಜಾಗ ಅದೇ. ಮನೆಯಿಂದ ಕಟ್ಟಿಕೊಂಡು ಹೋದ ಚಪಾತಿ ಪಲ್ಯ ಬಿಚ್ಚಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ.

ಅಲ್ಲೇ ದಂಡೆಯ ಒಂದು ಹೋಟೆಲಿನಲ್ಲಿ (ಹೆಸರು ಬೇಡ) ಮಾಂಸ ಇಲ್ಲ ತಾನೇ ಅಂತ ಎರಡೆರಡು ಸಲ ಕೇಳಿ ರಿಸೊತ್ತೋ ತರಿಸಿದೆ. ಇಲ್ಲ ಅಂದರು. ಅರ್ಧ ತಟ್ಟೆ ಆದ ಮೇಲೆ ಮಾತಿಗೆ ಮಾತು ಬಂದು ಗೊತ್ತಾಯಿತು, ಅಕ್ಕಿ ಬೇಯಿಸಿದ್ದು ದನದ ಮಾಂಸದ ಸಾರಿನಲ್ಲಿ. ಅವರ ಲೆಕ್ಕದಲ್ಲಿ ತುಂಡು ಕಾಣದಿದ್ದರೆ ಮಾಂಸ ಇಲ್ಲ! ಬಿಲ್ಲಿನಲ್ಲಿ ‘ಕೊಪೆರ್ತೋ’ ಅಂತ ಕೂತಿದ್ದಕ್ಕೆ ತಲೆಗಿಷ್ಟು ಬೇರೆ. ಕೂತಿದ್ದಕ್ಕೆ ದುಡ್ಡು ಇಲ್ಲಿ ಎಲ್ಲ ಕಡೆಯೂ ಇದೆ, ಅದಕ್ಕೆ ಬೇಜಾರಿಲ್ಲ. ಸಾರಿನ ವಿಷಯಕ್ಕೆ ಮಾತ್ರ ಇನ್ನೂ ಸಿಟ್ಟಿದೆ. ಸಸ್ಯಾಹಾರಿಗಳು ‘ಬ್ರೋದೋ ವೆಜೆತಾಲೆ?’ ಅಂತ ಸಾರಿನ ಬಗ್ಗೆಯೇ ನೇರವಾಗಿ ಕೇಳಿ.

ಊಟದ ಸುಖ ಬೇಕಾದರೆ ರೈಲಿನಲ್ಲೇ ಮುಂದೆ ಹೋಗಬೇಕು. ಕೊಲಿಕೋದಲ್ಲಿ ಸರೋವರ ಮುಗಿದು ವಾಲ್ತೆಲ್ಲಿನಾ ಕಣಿವೆ ಶುರು. ಎರಡೂ ಕಡೆ ಆಲ್ಪ್ಸ್, ಬಿಸಿಲು ಬೀಳುವ ಇಳಿಜಾರಿನಲ್ಲಿ ಕಲ್ಲು ಕಟ್ಟಿ ಮಾಡಿದ ದ್ರಾಕ್ಷಿ ಪಾತಿಗಳು. ಇಲ್ಲಿನ ಊಟದ ರಾಜ ಪಿಜ್ಜೋಕ್ಕೆರಿ. ಬಕ್‌ವೀಟ್ ಹಿಟ್ಟಿನ ಕಂದು ಬಣ್ಣದ ಅಗಲ ಪಾಸ್ತಾ ಪಟ್ಟಿ. ಎಲೆಕೋಸು, ಆಲೂಗಡ್ಡೆ ಜೊತೆ ಒಂದೇ ಪಾತ್ರೆಯಲ್ಲಿ ಬೇಯಿಸಿ, ಪದರ ಪದರವಾಗಿ ಕಸೆರಾ ಚೀಸ್ ಹಾಕಿ, ಕೊನೆಗೆ ಬೆಳ್ಳುಳ್ಳಿ ಕೆಂಪಗಾಗಿಸಿದ ಬೆಣ್ಣೆಯನ್ನು ಚುಂಯ್ ಅಂತ ಮೇಲೆ ಸುರಿಯುತ್ತಾರೆ. ಬೆಳ್ಳುಳ್ಳಿ ವಾಸನೆ ಮೂಗಿಗೆ ಬಡಿದಾಗ ಊರಿನ ಒಗ್ಗರಣೆ ನೆನಪಾಗದೆ ಇರುವುದಿಲ್ಲ. ಮಾಂಸ ಇಲ್ಲ. ಪೂರ್ತಿ ಕಟ್ಟುನಿಟ್ಟಿನವರಿಗೆ ಒಂದು ಮಾತು: ಅದರಲ್ಲಿ ಬೀಳುವ ಗ್ರಾನಾ ಚೀಸ್‌ಗೆ ಕರುವಿನ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ಪದಾರ್ಥ) ಬಳಸುತ್ತಾರೆ. ಒಂದು ತಟ್ಟೆ ಇಬ್ಬರಿಗೆ ಸಾಕು. ಒಬ್ಬಳೇ ತಿಂದರೆ ವಾಪಸ್ ರೈಲಿನಲ್ಲಿ ಲೆಕ್ಕೋ ಬರುವುದೂ ಗೊತ್ತಾಗುವುದಿಲ್ಲ, ಅಷ್ಟು ನಿದ್ದೆ. ಮೆಕ್ಕೆಜೋಳ, ಬಕ್‌ವೀಟ್ ಹಿಟ್ಟು ಬೇಯಿಸಿ ಚೀಸ್ ಬೆರೆಸಿದ ಪೊಲೆಂತಾ ತರಾನ್ಯಾವನ್ನೂ ಬಿಡಬೇಡಿ. ತಾಮ್ರದ ಕಡಾಯಿಯಲ್ಲಿ ಕಟ್ಟಿಗೆ ಹಿಡಿದು ತೊಳಸುವುದು ನೋಡಿದರೆ ಥೇಟ್ ನಮ್ಮ ಮುದ್ದೆ ತಿರುವುವ ಹಾಗೆಯೇ.

ಟಿರಾನೋ ಕೊನೆಯ ಸ್ಟೇಷನ್. ಲೆಕ್ಕೋದಿಂದ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಎಲ್ಲರೂ ಇಲ್ಲಿಗೆ ಬರುವುದು ಸ್ವಿಟ್ಜರ್‌ಲೆಂಡಿಗೆ ಹೋಗುವ ಕೆಂಪು ಬೆರ್ನಿನಾ ರೈಲಿಗೆ. 429 ಮೀಟರ್ ಎತ್ತರದಿಂದ 2253 ಮೀಟರಿಗೆ ಹಲ್ಲಿನ ಹಳಿ ಇಲ್ಲದೆ ಹತ್ತುತ್ತದೆ, ಸಾವಿರ ಮೀಟರಿಗೆ 70 ಮೀಟರ್ ಏರು. 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ದೊಡ್ಡ ಗಾಜಿನ ಪನೋರಮಾ ಬೋಗಿಗೆ ಸೀಟು ಕಾದಿರಿಸಿ ಜಾಸ್ತಿ ಕೊಡಬೇಕು. ಅದೇ ಹಳಿಯ ಮೇಲೆ ಅದೇ ದಾರಿಯಲ್ಲಿ ಮಾಮೂಲಿ ಕೆಂಪು ರೈಲೂ ಹೋಗುತ್ತದೆ, ಕಾದಿರಿಸುವ ಗೋಜಿಲ್ಲ, ಕಿಟಕಿ ತೆಗೆದು ತಲೆಗೆ ಗಾಳಿ ತಗೋಬಹುದು. ಸ್ವಿಸ್ ಟಿಕೆಟ್ ವಿದ್ಯಾರ್ಥಿಗೆ ನಿಜಕ್ಕೂ ಭಾರ. ಪೂರ್ತಿ ಹೋಗಲು ಆಗದಿದ್ದರೆ ಬ್ರೂಸಿಯೋವರೆಗಾದರೂ ಹೋಗಿ ಬನ್ನಿ. ಅಲ್ಲಿ ಒಂಬತ್ತು ಕಮಾನಿನ ಕಲ್ಲಿನ ಸೇತುವೆಯ ಕೆಳಗೆ ನುಸುಳಿದ ರೈಲು ಪೂರಾ ಒಂದು ಸುತ್ತು ಹಾಕಿ, ಅದೇ ಸೇತುವೆಯ ಮೇಲೆ ಹತ್ತಿ ದಾಟುತ್ತದೆ. ಸಿವಿಲ್ ಓದುವವರು ಬಾಯಿ ತೆರೆದುಕೊಂಡು ನೋಡಬೇಕು. ಗಡಿ ದಾಟುವುದರಿಂದ ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಎರಡೂ ಜೊತೆಗಿರಲಿ.

ಒಂದು ಪೈಸೆ ಖರ್ಚಿಲ್ಲದ ಆಟವೂ ಇದೆ. ಟಿರಾನೋದ ಮದೊನ್ನಾ ಚರ್ಚಿನ ಮುಂದಿನ ಚೌಕದಲ್ಲಿ ನಿಂತುಕೊಳ್ಳಿ. ಆ ಕೆಂಪು ರೈಲು ರಸ್ತೆ ಮಧ್ಯದಲ್ಲೇ ಕಾರುಗಳ ನಡುವೆ ಬರುತ್ತದೆ. ಸೈಕಲ್ ತುಳಿಯುವ ಅಜ್ಜಿ ಒಂದು ಕಾಲು ಊರಿ ನಿಂತು ದಾರಿ ಬಿಡುತ್ತಾರೆ. ಒಳಗೆ ಕೂತ ಟೂರಿಸ್ಟ್‌ಗಳು ಹೊರಗಿನವರ ಫೋಟೋ ತೆಗೆಯುತ್ತಾರೆ, ಹೊರಗಿನವರು ಅವರದ್ದು.

ಟಿಕೆಟ್ ಲೆಕ್ಕ. ಲೊಂಬಾರ್ದಿಯಾ (ಮಿಲಾನ್, ಲೆಕ್ಕೋ, ಟಿರಾನೋ ಎಲ್ಲಾ ಇರುವ ಪ್ರಾಂತ) ಪೂರ್ತಿ ರೈಲು, ಬಸ್ಸು, ಮಿಲಾನ್ ಮೆಟ್ರೋಗೆ ನಡೆಯುವ ದಿನದ ಪಾಸ್ ಒಂದಿದೆ, ‘ಇಯೋ ವಿಯಾಜ್ಜೋ ಒವುಂಕ್ವೆ’ ಅಂತ. ವರೆನ್ನಾಗೆ ಮಾತ್ರ ಹೋಗುವ ದಿನ ಅದಕ್ಕೆ ಹಾಕಿದ ದುಡ್ಡು ವ್ಯರ್ಥ. ಟಿರಾನೋಗೆ ಹೋಗಿ ಬರುವ ದಿನ ಎರಡು ಬಿಡಿ ಟಿಕೆಟ್‌ಗಳ ಬೆಲೆ ಜೊತೆ ಹೋಲಿಸಿ ನೋಡಿ. ಸರೋವರದ ದೋಣಿಗೆ ಈ ಪಾಸ್ ನಡೆಯುವುದಿಲ್ಲ. ಆದರೆ ವರೆನ್ನಾ, ಬೆಲ್ಲಾಜಿಯೋ, ಮೆನಾಜ್ಜೋ ಎಲ್ಲಾ ಸುತ್ತುವುದಿದ್ದರೆ ದೋಣಿಯವರದ್ದೇ ನಡು ಸರೋವರದ ದಿನದ ಟಿಕೆಟ್ ಸಿಗುತ್ತದೆ. ಕಾಫಿಯನ್ನು ಕೌಂಟರ್‌ನಲ್ಲಿ ನಿಂತೇ ಕುಡಿಯಿರಿ, ಒಂದೂ ಕಾಲು ಯೂರೋ ಸುತ್ತಮುತ್ತ. ಟಾಯ್ಲೆಟ್ ಸಮಸ್ಯೆಯೂ ಅಲ್ಲೇ ಬಗೆಹರಿಯುತ್ತದೆ. ನೀರು ಕೊಳ್ಳಬೇಡಿ, ಊರೂರಲ್ಲೂ ಕುಡಿಯುವ ನೀರಿನ ನಲ್ಲಿಗಳಿವೆ.

ರೈಲಿಗೆ ದುಡ್ಡಿಲ್ಲದ ವಾರ ಲೆಕ್ಕೋದ ಬೆಟ್ಟದ ಮೇಲಿನ ಹುಲ್ಲುಗಾವಲು, ಪಿಯಾನಿ ದೆರ್ನಾ. ಲೆಕ್ಕೋ ಬಸ್ಸಿನಲ್ಲಿ ಬೆಟ್ಟದ ಬುಡಕ್ಕೆ, ಅಲ್ಲಿಂದ ಕೇಬಲ್ ಕಾರು, ಇಲ್ಲವೇ ಕಾಲು. ಮೇಲೆ ಗರಗಸದ ಹಲ್ಲಿನ ರೆಸೆಗೋನೆ ಶಿಖರ, 1875 ಮೀಟರ್. ಸಾದಾ ಶೂ ಹಾಕಿ ಶಿಖರಕ್ಕೆ ಹೋಗುವ ಸಾಹಸ ಬೇಡ, ಹುಲ್ಲುಗಾವಲಿನವರೆಗೆ ಹೋಗಿ ಬಂದರೆ ಸಾಕು. ಭಾನುವಾರ ಅಪ್ಪನ ಫೋನ್ ಬರುವುದು ಸರಿಯಾಗಿ ನಾನು ಅಲ್ಲಿರುವಾಗಲೇ. “ಓದೋಕೆ ಹೋಗಿದ್ದೀಯೋ, ಬೆಟ್ಟ ಹತ್ತೋಕೋ?” ಎರಡಕ್ಕೂ ಅಂದರೆ ಬೈಗುಳ ಕಡಿಮೆ.

ನನ್ನ ಪಟ್ಟಿಯಲ್ಲಿ ಇನ್ನು ಬಾಕಿ ಇರುವುದು ಚಿಯಾವೆನ್ನಾ. ಕೊಲಿಕೋದಲ್ಲಿ ರೈಲು ಬದಲಿಸಿದರೆ ಅರ್ಧ ಗಂಟೆ. ಬಂಡೆ ಸಂದಿನಿಂದ ತಣ್ಣನೆ ಗಾಳಿ ಬರುವ ನೆಲಮಾಳಿಗೆಗಳನ್ನು ಅಲ್ಲಿ ಊಟದ ಮನೆ ಮಾಡಿಕೊಂಡಿದ್ದಾರೆ. ಫೆಬ್ರವರಿ ಪರೀಕ್ಷೆ ಮುಗಿದ ಕೂಡಲೇ ಹೊರಡುವುದು. ಯಾರಾದರೂ ಹೋಗಿ ಬಂದಿದ್ದರೆ, ಸಾರಿನ ವಿಷಯದಲ್ಲಿ ನಂಬಬಹುದಾದ ಜಾಗ ಯಾವುದು ಅಂತ ಹೇಳಿ.