ಓಪನಿಂಗ್ ಬ್ಯಾಂಡ್‌ಗಾಗಿಯೇ ಹೋಗೋದಾದರೆ: ದೊಡ್ಡ ಮೈದಾನವೋ, ಸಣ್ಣ ಕ್ಲಬ್ಬೋ, ಹಾಸನದ ಕಾಲೇಜು ಫೆಸ್ಟೋ?

ದೊಡ್ಡ ರಾಕ್ ಶೋಗೆ ಹೋಗುವವರಲ್ಲಿ ಹೆಚ್ಚಿನವರು ಮುಖ್ಯ ಬ್ಯಾಂಡಿಗಿಂತ ಮೊದಲು ನುಡಿಸುವ ಬ್ಯಾಂಡನ್ನು, ಅಂದರೆ ಓಪನರ್ ಅನ್ನು, ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಆ ಹೊತ್ತಿಗೆ ಅವರು ಪಾರ್ಕಿಂಗ್ ಹುಡುಕುತ್ತಿರುತ್ತಾರೆ, ಇಲ್ಲವೇ ತಿಂಡಿ ಸ್ಟಾಲ್ ಮುಂದೆ ನಿಂತಿರುತ್ತಾರೆ. ನಾನು ಟಿಕೆಟ್ ತೆಗೆದುಕೊಳ್ಳುವುದೇ ಆ ಮೊದಲ ಬ್ಯಾಂಡಿಗಾಗಿ. ಹಾಸನದಲ್ಲಿ ಇದನ್ನು ಹೇಳಿದರೆ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: "ಅಲ್ಲ ಕಣೋ, ಅಷ್ಟು ದುಡ್ಡು ಕೊಟ್ಟು ಅರ್ಧ ಗಂಟೆ ನುಡಿಸೋರನ್ನ ನೋಡಕ್ಕೆ ಬೆಂಗಳೂರಿಗೆ ಹೋಗ್ತೀಯಾ? ಅವರದ್ದೇ ಶೋ ಇದ್ದಾಗ ಹೋದ್ರಾಯ್ತಲ್ಲ?"

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನಗೆ ತುಂಬ ಇಷ್ಟವಾದ ಒಂದು ಬೆಂಗಳೂರು ಬ್ಯಾಂಡನ್ನು ನಾನು ಮೂರು ಕಡೆ ಕೇಳಿದ್ದೇನೆ. ದೊಡ್ಡ ಮೈದಾನದಲ್ಲಿ ಬೇರೆಯವರ ಶೋಗೆ ಓಪನರ್ ಆಗಿ, ಬೆಂಗಳೂರಿನ ಸಣ್ಣ ಕ್ಲಬ್ಬಿನಲ್ಲಿ ಅವರದ್ದೇ ಶೋ ಆಗಿ, ಆಮೇಲೆ ನಮ್ಮ ಹಾಸನದ ಒಂದು ಕಾಲೇಜು ಫೆಸ್ಟಿನಲ್ಲಿ. ಹೆಸರು ಬೇಕಂತಲೇ ಹೇಳುತ್ತಿಲ್ಲ. ಹೇಳಿದರೆ ಮಾತು ಆ ಬ್ಯಾಂಡ್ ಚೆನ್ನಾಗಿದೆಯಾ ಇಲ್ಲವಾ ಅನ್ನುವ ಕಡೆ ಹೋಗುತ್ತದೆ.

ಮೊದಲು ಸಮಯದ ವಿಷಯ. ದೊಡ್ಡ ಶೋನಲ್ಲಿ ಓಪನರ್‌ಗೆ ಸಿಗುವುದು ಸಾಮಾನ್ಯವಾಗಿ ಅರ್ಧ ಗಂಟೆ, ಜಾಸ್ತಿ ಅಂದರೆ ಮುಕ್ಕಾಲು ಗಂಟೆ. ಆರೇಳು ಹಾಡು ಮುಗಿಸಿ ಇಳಿಯಬೇಕು. ಅದೂ ಎಷ್ಟು ಗಂಟೆಗೆ? ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಿಶೇಷ ಅನುಮತಿ ಇದ್ದರೆ ಮಾತ್ರ ಹೊರತು. ಹಾಗಾಗಿ 10ಕ್ಕೆ ಶೋ ಮುಗಿಯಲೇಬೇಕು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ. ಮುಖ್ಯ ಬ್ಯಾಂಡಿಗೆ ಎರಡು ಗಂಟೆ, ಅದಕ್ಕೆ ಮುಂಚೆ ವೇದಿಕೆ ಬದಲಾಯಿಸಲು ಅರ್ಧ ಗಂಟೆ. ಇನ್ನೊಂದು ಓಪನಿಂಗ್ ಬ್ಯಾಂಡ್ ಇದ್ದರಂತೂ ಮೊದಲನೆಯವರು ಬರುವುದು ಸಂಜೆ ಐದೂವರೆಗೋ ಆರಕ್ಕೋ. ಬಿಸಿಲು ಇನ್ನೂ ಕಣ್ಣಿಗೆ ಹೊಡೆಯುತ್ತಿರುತ್ತದೆ. ಲೈಟ್ ಹಾಕಿದರೂ ಕಾಣುವುದಿಲ್ಲ. ಮೈದಾನ ಅರ್ಧ ಖಾಲಿ.

ಸೌಂಡ್ ಇನ್ನೂ ಕಷ್ಟ. ಸಾಮಾನ್ಯವಾಗಿ ಸೌಂಡ್‌ಚೆಕ್ (ಶೋಗೆ ಮುಂಚೆ ನುಡಿಸಿ ಸದ್ದು ಸರಿನೋಡುವುದು) ಮೊದಲು ಮಾಡುವುದು ಕೊನೆಗೆ ನುಡಿಸುವ ಬ್ಯಾಂಡ್. ಮೊದಲು ನುಡಿಸುವವರದ್ದು ಕೊನೆಗೆ. ಇದರಲ್ಲಿ ಲಾಜಿಕ್ ಇದೆ. ಕೊನೆಗೆ ಸೌಂಡ್‌ಚೆಕ್ ಮಾಡಿದವರ ಸಾಮಾನು ವೇದಿಕೆ ಮೇಲೆ ಹಾಗೇ ಬಿಟ್ಟರೆ ಶೋ ನೇರವಾಗಿ ಶುರುಮಾಡಬಹುದು. ಆದರೆ ಮುಖ್ಯ ಬ್ಯಾಂಡಿನವರು ತಡ ಮಾಡಿದರೆ ಕತ್ತರಿ ಬೀಳುವುದು ಓಪನರ್ ಸಮಯಕ್ಕೇ. ಗೇಟ್ ತೆಗೆಯುವ ಹೊತ್ತಾಗಿರುತ್ತದೆ, ಒಂದು ಹಾಡು ನುಡಿಸಿ ನೋಡಲೂ ಆಗಿರುವುದಿಲ್ಲ. ಮುಖ್ಯ ಬ್ಯಾಂಡಿನ ಡ್ರಮ್ಸ್, ಆಂಪ್ಲಿಫೈಯರ್‌ಗಳನ್ನು ಕಪ್ಪು ಬಟ್ಟೆ ಮುಚ್ಚಿ ಹಿಂದೆ ಇಟ್ಟಿರುತ್ತಾರೆ. ಅದರ ಮುಂದಿನ ಸಣ್ಣ ಜಾಗದಲ್ಲಿ ಇವರು ಸಾಲಾಗಿ ನಿಲ್ಲಬೇಕು. ನಾನು ನೋಡಿದ ದಿನ ಮೊದಲ ಹಾಡಿನಲ್ಲಿ ಬೇಸ್ ಗಿಟಾರ್ ಬಿಟ್ಟರೆ ಏನೂ ಕೇಳಲಿಲ್ಲ. ಹಾಡುವವನ ಬಾಯಿ ಆಡುತ್ತಿತ್ತು, ದನಿ ಇಲ್ಲ. ಎರಡನೇ ಹಾಡಿನ ಅರ್ಧಕ್ಕೆ, ಸದ್ದು ಹೊಂದಿಸುವ ಮಿಕ್ಸರ್ ಮುಂದೆ ಕೂತವರು ಅದನ್ನು ಸರಿಮಾಡಿದರು.

ಇಷ್ಟೆಲ್ಲ ಕೊರತೆ ಇದ್ದರೂ ನಾನು ಮತ್ತೆ ಅಲ್ಲಿಗೇ ಹೋಗುತ್ತೇನೆ. ಏಕೆಂದರೆ ಆ ಬ್ಯಾಂಡ್ ಅಲ್ಲಿ ನುಡಿಸಿದ ಹಾಗೆ ಬೇರೆಲ್ಲೂ ನುಡಿಸಲಿಲ್ಲ. ಮಾತಿಲ್ಲ, ಟ್ಯೂನಿಂಗ್ ಮಾಡುತ್ತಾ ಕಾಲ ಕಳೆಯುವುದಿಲ್ಲ, ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ. ಇರುವ ಅರ್ಧ ಗಂಟೆಗೆ ತಮ್ಮಲ್ಲಿರುವ ಒಳ್ಳೆಯದನ್ನು ಮಾತ್ರ ಆರಿಸಿಕೊಂಡು ಬಂದಿದ್ದರು. ಮುಂದೆ ನಿಂತವರಲ್ಲಿ ತೊಂಬತ್ತು ಪಾಲು ಜನ ಅವರ ಹೆಸರೇ ಕೇಳಿರಲಿಲ್ಲ. ನನ್ನ ಪಕ್ಕದಲ್ಲಿ ಮುಖ್ಯ ಬ್ಯಾಂಡಿನ ಟಿ ಶರ್ಟ್ ಹಾಕಿದ ಒಬ್ಬ ಹುಡುಗ ಫೋನ್ ನೋಡುತ್ತಾ ನಿಂತಿದ್ದ. ಮೂರನೇ ಹಾಡಿಗೆ ಫೋನ್ ಜೇಬಿಗೆ ಹೋಯಿತು. ಐದನೇ ಹಾಡಿಗೆ "ಗುರು, ಯಾರಿವ್ರು?" ಅಂತ ನನ್ನನ್ನೇ ಕೇಳಿದ. ಪರಿಚಯವೇ ಇಲ್ಲದವರನ್ನು ಒಂದು ಬ್ಯಾಂಡ್ ಹೀಗೆ ಒಬ್ಬೊಬ್ಬರನ್ನಾಗಿ ತನ್ನ ಕಡೆ ಎಳೆದುಕೊಳ್ಳುವುದನ್ನು ಅವರದ್ದೇ ಶೋನಲ್ಲಿ ನೋಡಲು ಆಗುವುದಿಲ್ಲ. ಅಲ್ಲಿ ಎಲ್ಲರೂ ಮೊದಲೇ ಅವರ ಕಡೆಯವರು.

ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೊಪ್ಪ, ಶೃಂಗೇರಿ ಕಡೆಯ ನನ್ನ ನೆಂಟರು ಆಟಕ್ಕೆ ಹೋದರೆ ಪ್ರಸಂಗ ಶುರುವಾಗುವ ಹೊತ್ತಿಗೆ ಹೋಗುವುದಿಲ್ಲ. ಅದಕ್ಕೂ ಮುಂಚೆ ನಡೆಯುವ ಪೂರ್ವರಂಗಕ್ಕೇ ಹೋಗಿ ಕೂರುತ್ತಾರೆ. ಬಾಲಗೋಪಾಲ ವೇಷ ಕಟ್ಟಿದ ಹೊಸ ಹುಡುಗರಲ್ಲಿ ಯಾರ ಹೆಜ್ಜೆ ಗಟ್ಟಿ ಅಂತ ಅಲ್ಲೇ ಗೊತ್ತಾಗುತ್ತದೆ ಅನ್ನುತ್ತಾರೆ.

ಓಪನರ್ ಜಾಗದಿಂದ ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಬೆಂಗಳೂರಲ್ಲೇ ಉದಾಹರಣೆ ಇದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಮೊದಲ ಭಾರತ ಶೋ ನಡೆಯಿತು. ಅವತ್ತು ಅವರಿಗಿಂತ ಮುಂಚೆ ನುಡಿಸಿದವರಲ್ಲಿ ದಿಲ್ಲಿಯ ಪರಿಕ್ರಮ ಇತ್ತು. ಅದು 1991ರಿಂದ ಇರುವ ಬ್ಯಾಂಡ್. ರಾಕ್ ಹಾಡುಗಳಿಗೆ ಪಿಟೀಲನ್ನೂ ಸೇರಿಸಿಕೊಂಡವರು. ಆಲ್ಬಂ ಮಾರುವ ಬದಲು ಹಾಡುಗಳನ್ನು ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಬಿಟ್ಟವರು. ಅದೇ ವರ್ಷ ಜೂನ್‌ನಲ್ಲಿ ಪರಿಕ್ರಮ ಇಂಗ್ಲೆಂಡಿನ ದೊಡ್ಡ ರಾಕ್ ಉತ್ಸವವಾದ ಡೌನ್‌ಲೋಡ್ ಫೆಸ್ಟಿವಲ್‌ನಲ್ಲಿ ನುಡಿಸಿತು. 2011ರ ಅಕ್ಟೋಬರ್ 30ಕ್ಕೆ ಅಮೆರಿಕದ ಮೆಟಾಲಿಕಾ ಬ್ಯಾಂಡ್ ಅರಮನೆ ಮೈದಾನಕ್ಕೆ ಬಂದಾಗ ನಮ್ಮ ಬೆಂಗಳೂರಿನದ್ದೇ ಆದ ಇನ್ನರ್ ಸ್ಯಾಂಕ್ಟಮ್ ಅವರಿಗಿಂತ ಮುಂಚೆ ವೇದಿಕೆ ಹತ್ತಿತ್ತು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ, ನಿಜ. 1967ರಲ್ಲಿ ಗಿಟಾರ್ ದಿಗ್ಗಜ ಜಿಮಿ ಹೆಂಡ್ರಿಕ್ಸ್ ಅಮೆರಿಕದಲ್ಲಿ ಮಂಕೀಸ್ ಅನ್ನುವ ಪಾಪ್ ಬ್ಯಾಂಡಿನ ಶೋಗಳಿಗೆ ಓಪನರ್ ಆಗಿದ್ದರು. ಮಂಕೀಸ್ ನೋಡಲು ಬಂದ ಹುಡುಗಿಯರು ತಮ್ಮ ಹೀರೋಗಳ ಹೆಸರನ್ನೇ ಕೂಗುತ್ತಿದ್ದರು. ಕೆಲವೇ ಶೋ ಆದಮೇಲೆ ಹೆಂಡ್ರಿಕ್ಸ್ ಹೊರಟುಬಿಟ್ಟರು. ಮುಖ್ಯ ಬ್ಯಾಂಡಿನ ಜನಕ್ಕೂ ಓಪನರ್ ಹಾಡಿಗೂ ಹೊಂದಾಣಿಕೆ ಇಲ್ಲದಿದ್ದರೆ ಹೆಂಡ್ರಿಕ್ಸ್ ಆದರೂ ಅಷ್ಟೇ. ಅದಕ್ಕೇ ನಾನು ಟಿಕೆಟ್ ತೆಗೆದುಕೊಳ್ಳುವ ಮುಂಚೆ ಮುಖ್ಯ ಬ್ಯಾಂಡಿನ ನಾಲ್ಕು ಹಾಡು ಕೇಳಿ ನೋಡುತ್ತೇನೆ.

ಈಗ ಕ್ಲಬ್. ಸೌಂಡ್ ಬಗ್ಗೆ ಹೇಳುವುದಾದರೆ ಕ್ಲಬ್ಬಿಗೆ ಸಾಟಿ ಇಲ್ಲ. ಎರಡು ಗಂಟೆ ಹತ್ತಿರ ನುಡಿಸುತ್ತಾರೆ. ಗಿಟಾರ್ ತಂತಿ ಮೇಲೆ ಬೆರಳು ಜಾರುವುದೂ ಕೇಳಿಸುತ್ತದೆ. ಶೋ ಮುಗಿದಮೇಲೆ ಬ್ಯಾಂಡಿನವರು ಅಲ್ಲೇ ಓಡಾಡುತ್ತಿರುತ್ತಾರೆ. ಹತ್ತಿರ ಹೋಗಿ "ಸರ್, ಆ ಎರಡನೇ ಹಾಡಿನ ತಾಳ ಏಳು ಎಣಿಕೆದಾ?" ಅಂತ ಕೇಳಿದರೆ ಡ್ರಮ್ಮರ್ ಕೂತು ಮೇಜಿನ ಮೇಲೆ ತಟ್ಟಿ ತೋರಿಸಿದರು. ಆ ಐದು ನಿಮಿಷಕ್ಕೆ ಬೆಲೆ ಕಟ್ಟಲು ನನ್ನಿಂದ ಆಗುವುದಿಲ್ಲ.

ಆದರೆ ಕ್ಲಬ್ ಅಂದರೆ ಊಟದ ಮೇಜುಗಳು. ಹಿಂದಿನ ಸಾಲಿನವರು ಬರ್ತ್‌ಡೇ ಮಾಡುತ್ತಿರುತ್ತಾರೆ. ಶೋ ಶುರುವಾಗುವುದೇ ರಾತ್ರಿ ಎಂಟೂವರೆ, ಒಂಬತ್ತಕ್ಕೆ. ಹಾಸನದಿಂದ ಹೋದವರು ಮುಗಿಸಿ ಮೆಜೆಸ್ಟಿಕ್ ತಲುಪುವ ಹೊತ್ತಿಗೆ ನಡುರಾತ್ರಿ. ಬ್ಯಾಂಡ್ ಕೂಡ ಸ್ವಲ್ಪ ಆರಾಮಾಗಿಯೇ ನುಡಿಸುತ್ತದೆ. ಹಾಡುಗಳನ್ನು ಎಳೆಯುತ್ತಾರೆ, ಮಾತಾಡುತ್ತಾರೆ, ಹೊಸದನ್ನು ಪ್ರಯತ್ನಿಸುತ್ತಾರೆ. ಅವರ ಎಲ್ಲ ಹಾಡೂ ಬಾಯಿಗೆ ಬರುವವರಿಗೆ ಅದು ಹಬ್ಬ. ಮೊದಲ ಸಲ ಕೇಳುವವರಿಗೆ ಎರಡು ಗಂಟೆ ಉದ್ದವೇ ಆಗುತ್ತದೆ.

ಹಾಸನದ ಕಾಲೇಜು ಫೆಸ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನೆಯಿಂದ ಆಟೋದಲ್ಲಿ ಹೋಗಿ ಬರಬಹುದು, ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಭಾಷಣ, ಸನ್ಮಾನ, ಬಹುಮಾನ ಎಲ್ಲ ಮುಗಿಯುವ ಹೊತ್ತಿಗೆ ಬ್ಯಾಂಡಿನ ಸಮಯ ಅರ್ಧ ಹೋಗಿರುತ್ತದೆ. ಸೌಂಡ್ ಸಿಸ್ಟಮ್ ಆರ್ಕೆಸ್ಟ್ರಾಗೆ ಹೊಂದಿಸಿದ್ದು. ಹಾಡುವವರ ದನಿ ಮುಂದೆ, ಡ್ರಮ್ಸ್ ಎಲ್ಲೋ ಹಿಂದೆ. ಹುಡುಗರು ಸಿನಿಮಾ ಹಾಡು ಕೇಳುತ್ತಾರೆ. ನಮ್ಮ ಬ್ಯಾಂಡ್ ತಮ್ಮದು ನಾಲ್ಕು ಹಾಡು ನುಡಿಸಿ, ಉಳಿದದ್ದು ಬೇರೆಯವರ ಹಾಡಿಗೆ ಬಿಟ್ಟುಕೊಟ್ಟಿತು. ಅವರ ಸ್ವಂತ ಹಾಡು ಕೇಳಬೇಕು ಅಂತಿದ್ದರೆ ಇದು ಜಾಗವಲ್ಲ. ಆದರೂ ನಮ್ಮೂರಿಗೆ ಒಂದು ರಾಕ್ ಬ್ಯಾಂಡ್ ಬಂತಲ್ಲ ಅನ್ನುವ ಖುಷಿ ಬೇರೆಯದೇ. ಅದಕ್ಕಾಗಿ ಕರೆದಾಗಲೆಲ್ಲ ಹೋಗುತ್ತೇನೆ.

ಹಾಗಾದರೆ ದೊಡ್ಡ ಶೋಗೆ ಓಪನರ್ ನೋಡಲು ಹೋಗುವುದು ಹೇಗೆ? ಮುಖ್ಯ ಬ್ಯಾಂಡಿಗಾಗಿ ಹೋಗುವವರ ಲೆಕ್ಕವೇ ಬೇರೆ, ನಮ್ಮದೇ ಬೇರೆ. ವೇದಿಕೆ ಮುಂದಿನ ದುಬಾರಿ ಟಿಕೆಟ್ ನಮಗೆ ಬೇಕಾಗಿಲ್ಲ. ಮೈದಾನ ತುಂಬುವ ಮೊದಲೇ ನಮ್ಮ ಕೆಲಸ ಮುಗಿಯುತ್ತದೆ. ಕಡಿಮೆ ಬೆಲೆಯ ಟಿಕೆಟ್‌ನಲ್ಲೂ ಆ ಹೊತ್ತಿನಲ್ಲಿ ನಮ್ಮ ಭಾಗದ ಮುಂದಿನ ಕಂಬಿಯವರೆಗೆ ಹೋಗಿ ನಿಲ್ಲಬಹುದು. ವೇದಿಕೆ ಮುಂದೆಯೂ ಮಿಕ್ಸರ್ ಟೆಂಟಿನ ಮುಂದೆಯೂ, ಎರಡೂ ಜಾಗದಲ್ಲಿ ನಾನು ನಿಂತು ನೋಡಿದ್ದೇನೆ. ಮುಂದಿನ ಕಂಬಿ ಹಿಡಿದು ನಿಂತರೆ ಮುಖ ಕಾಣುತ್ತದೆ. ಆದರೆ ದೊಡ್ಡ ಬೇಸ್ ಸ್ಪೀಕರ್‌ಗಳು ವೇದಿಕೆಯ ಬುಡದಲ್ಲೇ ಇರುವುದರಿಂದ ಎದೆ ನಡುಗುತ್ತದೆಯೇ ಹೊರತು ಹಾಡು ಕೇಳುವುದಿಲ್ಲ. ದನಿ ನಮ್ಮ ತಲೆ ಮೇಲಿಂದ ಹಾದುಹೋಗುತ್ತದೆ. ಮಿಕ್ಸರ್ ಇಟ್ಟಿರುವ ಟೆಂಟಿನ ಮುಂದೆ ನಿಂತರೆ ಎಲ್ಲ ವಾದ್ಯವೂ ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲಿ ಕೂತವರು ತಮ್ಮ ಕಿವಿಗೆ ಸರಿಯಾಗುವಂತೆ ತಾನೇ ಹೊಂದಿಸುವುದು? ತೀರ ಹಿಂದಕ್ಕೆ ಹೋದರೆ ಇನ್ನೊಂದು ತೊಂದರೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 100 ಮೀಟರ್ ದೂರದಲ್ಲಿ ನಿಂತರೆ ಪರದೆಯಲ್ಲಿ ಡ್ರಮ್ಸ್ ಮೇಲೆ ಕೋಲು ಬಿದ್ದು ಒಂದು ಕ್ಷಣ ಕಳೆದಮೇಲೆ ಸದ್ದು ಬರುತ್ತದೆ. ನನಗಂತೂ ಅದು ತುಂಬ ಕಿರಿಕಿರಿ.

ಪ್ರಯಾಣದಲ್ಲೂ ಇದೇ ತರಹ ಆರಿಸಬೇಕು. ಓಪನರ್‌ಗಾಗಿ ಹೋಗುವವರು ಅರ್ಧ ಗಂಟೆ ತಡವಾದರೆ ಪೂರ್ತಿ ಶೋ ತಪ್ಪಿದ ಹಾಗೆ. ಹಾಸನದಿಂದ ಬೆಂಗಳೂರಿಗೆ ಸುಮಾರು 185 ಕಿಲೋಮೀಟರ್. ರೈಲು ನನಗೆ ಇಷ್ಟ. ಶ್ರವಣಬೆಳಗೊಳ, ಕುಣಿಗಲ್ ಮೇಲೆ ಹೋಗುವ ಮಾರ್ಗ 2017ರಲ್ಲಿ ಶುರುವಾದಮೇಲೆ ಯಶವಂತಪುರ ಹತ್ತಿರವಾಗಿದೆ. ಆದರೆ ರೈಲಿನ ಸಮಯಕ್ಕೂ ಗೇಟ್ ತೆಗೆಯುವ ಸಮಯಕ್ಕೂ ತಾಳೆಯಾಗುವುದಿಲ್ಲ. ಬೆಳಿಗ್ಗೆಯೇ ಹೋಗಿ ಊರಲ್ಲಿ ಸುಮ್ನೆ ಸುತ್ತಬೇಕು. ಕಾರು ತೆಗೆದುಕೊಂಡು ಹೋದರೆ ಪಾರ್ಕಿಂಗ್‌ನಲ್ಲೇ ಮೊದಲ ಮೂರು ಹಾಡು ಮುಗಿಯುತ್ತದೆ. ನನ್ನ ಆಯ್ಕೆ ಕೆಎಸ್‌ಆರ್‌ಟಿಸಿ ಬಸ್ಸು. ಶೋ ತುಮಕೂರು ರಸ್ತೆಯ ಮಾದಾವರದ ಕಡೆ ಇದ್ದರಂತೂ ಹಾಸನದವರಿಗೆ ವರದಾನ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಯಡಿಯೂರು, ಕುಣಿಗಲ್ ದಾಟಿ ನೆಲಮಂಗಲ ಬಂದರೆ ಅಲ್ಲಿಂದ ಹತ್ತಿರ. ಬೆಂಗಳೂರಿನ ಟ್ರಾಫಿಕ್ ಒಳಗೆ ಕಾಲಿಡುವುದೇ ಬೇಡ. ಇಂಗ್ಲೆಂಡಿನ ಗಾಯಕ ಎಡ್ ಶೀರನ್ 2025ರ ಫೆಬ್ರವರಿಯಲ್ಲಿ ಹಾಡಿದ್ದು ಅಲ್ಲಿನ ನೈಸ್ ಮೈದಾನದಲ್ಲೇ. 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಕೂಡ ಮಾದಾವರದವರೆಗೆ ಬರುತ್ತದೆ. ಅರಮನೆ ಮೈದಾನವಾದರೆ ಮೇಖ್ರಿ ವೃತ್ತದ ಜಾಮ್‌ಗೆ ಅಂತ ಇನ್ನೂ ಒಂದೂವರೆ ಗಂಟೆ ಸೇರಿಸಿಕೊಳ್ಳಿ. ವಾಪಸ್ ಬರುವಾಗ ಧರ್ಮಸ್ಥಳ, ಮಂಗಳೂರು ಕಡೆಯ ರಾತ್ರಿ ಬಸ್ಸುಗಳು ಹಾಸನದ ಮೇಲೇ ಹೋಗುತ್ತವೆ. ಚಿಕ್ಕಮಗಳೂರಿನವರಿಗೆ ಇನ್ನೊಂದೂವರೆ ಗಂಟೆ ಜಾಸ್ತಿ. ಅವರು ರಾತ್ರಿ ಬೆಂಗಳೂರಲ್ಲೇ ಉಳಿಯುವುದು ಒಳ್ಳೆಯದು.

ಓಪನರ್ ಮುಗಿದ ಕೂಡಲೇ ಎದ್ದು ಬರುವುದು ಬೇಡ. ದುಡ್ಡು ಕೊಟ್ಟಿದ್ದೀವಿ ಅಂತಲ್ಲ. ಅದೇ ಸ್ಪೀಕರ್, ಅದೇ ವೇದಿಕೆ, ಕತ್ತಲಾದಮೇಲೆ ಮುಖ್ಯ ಬ್ಯಾಂಡಿನ ಕೈಯಲ್ಲಿ ಹೇಗೆ ಬದಲಾಗುತ್ತದೆ ಅಂತ ಕೇಳಬೇಕು. ಆಗ ನಮ್ಮ ಬ್ಯಾಂಡ್ ಎಷ್ಟು ಕಡಿಮೆ ಸೌಲಭ್ಯದಲ್ಲಿ ಅಷ್ಟು ಚೆನ್ನಾಗಿ ನುಡಿಸಿತು ಅನ್ನುವುದು ಕಿವಿಗೇ ಗೊತ್ತಾಗುತ್ತದೆ.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಬ್ಯಾಂಡಿನ ಹಾಡುಗಳನ್ನು ಚೆನ್ನಾಗಿ ಬಲ್ಲವರು ಕ್ಲಬ್ಬಿಗೆ ಹೋಗಿ. ಆ ಬ್ಯಾಂಡ್‌ನಲ್ಲಿ ನಿಜವಾಗಿ ಎಷ್ಟು ದಮ್ ಇದೆ ಅಂತ ನೋಡಬೇಕಾದರೆ ಓಪನರ್ ಆಗಿ ಬಂದಾಗ ಹೋಗಿ. ಇಲ್ಲಿ ಇನ್ನೊಂದು ವಿಷಯ ಇದೆ. ನಿಮ್ಮ ದುಡ್ಡು ಯಾರಿಗೆ ಹೋಗುತ್ತದೆ ಅನ್ನುವುದು. ಕ್ಲಬ್ಬಿನ ಟಿಕೆಟ್‌ನಲ್ಲಿ ಬ್ಯಾಂಡಿಗೆ ಒಂದು ಪಾಲು ಸಿಗುವುದುಂಟು, ಕಾಲೇಜಿನವರು ಮಾತಾಡಿದಷ್ಟು ಕೊಡುತ್ತಾರೆ. ದೊಡ್ಡ ಶೋನ ದುಬಾರಿ ಟಿಕೆಟ್‌ನಿಂದ ಓಪನರ್‌ಗೆ ಹೋಗುವುದು ಬಹಳ ಕಡಿಮೆ. ಅದಕ್ಕೇ ಅಲ್ಲಿ ಟಿ ಶರ್ಟ್, ಸಿಡಿ ಇಟ್ಟ ಮೇಜು ಎಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಓಪನರ್ ಸಾಮಾನು ಬಹಳ ಸಲ ಒಂದು ಮೂಲೆಯಲ್ಲಿ ಇರುತ್ತದೆ, ಮಾರಲು ಬ್ಯಾಂಡಿನವರೇ ಬಂದು ನಿಂತಿರುತ್ತಾರೆ. ಮುಖ್ಯ ಬ್ಯಾಂಡ್ ಶುರುವಾಗುವ ಮುಂಚಿನ ಆ ಅರ್ಧ ಗಂಟೆಯಲ್ಲೇ ಹೋಗಿ. ಶೋ ಮುಗಿದಮೇಲೆ ಹೋದರೆ ಅವರು ಮೇಜು ಮಡಚಿ ಹೊರಟಿರುತ್ತಾರೆ.